ನೀರಿನೊಳಗಣ ಉಸಿರು, ಎದೆಯೊಳಗಣ ಭಯ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ಸಣ್ಣ ನಡುಗಡ್ಡೆಯೊಂದಿದೆ. ಅದರ ಸುತ್ತಣ ನೀರಿನಲ್ಲಿ ಹವಳಗಳುಂಟು, ಬಣ್ಣಬಣ್ಣದ ಮೀನುಗಳುಂಟು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅಲ್ಲಿಗೆ ದೋಣಿಗಳು ಹೊರಡುತ್ತವೆ. ಜನರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ಬಾಯಲ್ಲಿ ರಬ್ಬರಿನ ಕೊಳವೆಯ ತುದಿಯನ್ನು ಕಚ್ಚಿಕೊಂಡು, ನೀರಿನೊಳಕ್ಕೆ ಇಳಿಯುತ್ತಾರೆ. ಈ ಬಗೆಯ ಮುಳುಗಾಟಕ್ಕೆ 'ಸ್ಕೂಬಾ' ಎಂದು ಹೆಸರು. 'ಸ್ವಯಂಪೂರ್ಣವಾದ ಜಲಾಂತರ್ಗತ ಉಸಿರಾಟದ ಸಾಧನ' ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಆದ ಪದವಿದು.

ಕಾಲೇಜು ವಿದ್ಯಾರ್ಥಿಗಳ ತಂಡಗಳೂ ಈಗ ಅಲ್ಲಿಗೆ ಹೋಗುತ್ತವೆ. ಹೊರಡುವ ಮುನ್ನ ತಂಡದಲ್ಲಿ ಒಬ್ಬಿಬ್ಬರಾದರೂ ಬಂದು, "ಸಾರ್, ನಾನು ನೀರಿಗೆ ಇಳಿಯಬಹುದೆ?" ಎಂದು ಕೇಳುವುದುಂಟು. ಅವರ ನಾಲಗೆಯ ಮೇಲಿರುವ ಪ್ರಶ್ನೆ ಒಂದು, ಕಣ್ಣಿನಲ್ಲಿರುವ ಪ್ರಶ್ನೆ ಮತ್ತೊಂದು. "ಹೆದರಬೇಡ, ಏನೂ ಆಗುವುದಿಲ್ಲ" ಎಂದು ಬೆನ್ನು ತಟ್ಟಿ ಕಳುಹಿಸಿಬಿಡುವುದು ಸುಲಭ. ಆದರೆ ಅದು ಉತ್ತರವಲ್ಲ. ಏನೂ ಆಗುವುದಿಲ್ಲವೆಂಬುದು ನಿಜವೂ ಅಲ್ಲ. ಗೆಳೆಯರು 'ಪುಕ್ಕಲ' ಎಂದಾರೆಂಬ ನಾಚಿಕೆಯಿಂದ ನೀರಿಗೆ ಧುಮುಕುವವನೂ, ತಿಮಿಂಗಿಲ ನುಂಗೀತೆಂದು ದೋಣಿಯಲ್ಲೇ ಕುಳಿತುಬಿಡುವವನೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಇಬ್ಬರೂ ತಮ್ಮ ಭಯವನ್ನು ಪರೀಕ್ಷಿಸಿ ನೋಡಿಲ್ಲ. ಈ ವಿಷಯದಲ್ಲಿ ಭಯಗಳನ್ನು ತೂಗಿ ನೋಡಲು ಬೇಕಾದ ತಕ್ಕಡಿ ಭೌತಶಾಸ್ತ್ರದಲ್ಲಿದೆ. ಪ್ರೌಢಶಾಲೆಯ ಪಠ್ಯಕ್ಕಿಂತ ಹೆಚ್ಚಿನದೇನೂ ಅದಕ್ಕೆ ಬೇಡ.

ಮೊದಲನೆಯದಾಗಿ, ನೀರಿನ ಭಾರ ನಮ್ಮನ್ನು ಹಿಸುಕಿಬಿಡುವುದೆಂಬ ಭಯ. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೆ ಒತ್ತಡವು ಸುಮಾರು ಒಂದು ವಾಯುಭಾರದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು, ಹೆಚ್ಚುತ್ತದೆ. ವಯಸ್ಕನ ಚರ್ಮದ ವಿಸ್ತಾರ ಸುಮಾರು 17,000 ಚದರ ಸೆಂಟಿಮೀಟರೆಂದು ಇಟ್ಟುಕೊಂಡರೆ, 10 ಮೀಟರು ಆಳದಲ್ಲಿ ಹೆಚ್ಚಾಗಿ ಬೀಳುವ ಭಾರ 17 ಟನ್ನು! ಲೆಕ್ಕ ಕೇಳಿ ಎದೆ ನಡುಗಬಹುದು. ಆದರೆ ಈ ಪುಟವನ್ನು ಓದುತ್ತಿರುವಾಗಲೂ ವಾತಾವರಣವು ಅಷ್ಟೇ ಭಾರವನ್ನು ನಮ್ಮ ಮೇಲೆ ಹೇರಿದೆಯಷ್ಟೆ. ನಾವು ಅದನ್ನು ಗಮನಿಸುವುದೇ ಇಲ್ಲ. ಒತ್ತಡ ಎಷ್ಟೆಂಬುದು ದೇಹಕ್ಕೆ ಮುಖ್ಯವಲ್ಲ. ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ನಡುವಣ ವ್ಯತ್ಯಾಸವೇ ಮುಖ್ಯ. ಮಾಂಸ, ರಕ್ತ, ಎಲುಬುಗಳು ಬಹುಮಟ್ಟಿಗೆ ನೀರಿನಂತೆಯೇ ಕುಗ್ಗದ ವಸ್ತುಗಳು, ಅವುಗಳಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಗಾಳಿಯಿರುವ ಎಡೆಗಳಲ್ಲಿ ಮಾತ್ರ: ಶ್ವಾಸಕೋಶ, ನಡುಗಿವಿ, ಮುಖದ ಮೂಳೆಗಳ ಟೊಳ್ಳುಗಳು, ಕಣ್ಣುಮೂಗುಗಳನ್ನು ಮುಚ್ಚುವ ಮುಖವಾಡದ ಒಳಭಾಗ.

ಒಂದು ಉದ್ದನೆಯ ಕೊಳವೆಯ ತುದಿಯನ್ನು ನೀರಿನ ಮೇಲಿಟ್ಟು ಕೆಳಗೆ ಕುಳಿತು ಉಸಿರಾಡಬಾರದೇಕೆ ಎಂದು ಜಾಣ ವಿದ್ಯಾರ್ಥಿಗಳು ಕೇಳುವುದುಂಟು. ಒಂದೇ ಒಂದು ಮೀಟರು ಆಳವನ್ನು ತೆಗೆದುಕೊಳ್ಳೋಣ. ಅಲ್ಲಿ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ 100 ಗ್ರಾಂ. ಎದೆಯ ಮುಂಭಾಗ 30 ಸೆಂಟಿಮೀಟರು ಉದ್ದಗಲವೆಂದರೆ 900 ಚದರ ಸೆಂಟಿಮೀಟರು. ಅದರ ಮೇಲಣ ಭಾರ 90 ಕಿಲೋಗ್ರಾಂ. ಕೊಳವೆಯಲ್ಲಿರುವುದಾದರೋ ಮೇಲಿನ ವಾತಾವರಣದ ಒತ್ತಡದ ಗಾಳಿ. ದಪ್ಪ ಮನುಷ್ಯನೊಬ್ಬ ಎದೆಯ ಮೇಲೆ ಕುಳಿತಿರಲು ಎಷ್ಟು ಹೊತ್ತು ಉಸಿರಾಡಬಹುದು? ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ತಿಳಿದಿತ್ತೆಂದು ನಮ್ಮ ಕವಿಗಳು ಹೇಳುತ್ತಾರೆ. ಮಂತ್ರ ತಿಳಿಯದ ನಮ್ಮಂಥವರಿಗೆ ಬೇಕಾದದ್ದು, ಸುತ್ತಣ ನೀರಿನ ಒತ್ತಡದಲ್ಲಿಯೇ ಗಾಳಿಯನ್ನು ಒದಗಿಸುವ ಕವಾಟ.

ಅಂಥ ಕವಾಟವನ್ನು ರೂಪಿಸುವ ಯತ್ನಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ರಾನ್ಸಿನಲ್ಲಿ ನಡೆದಿದ್ದುವು. ಅದನ್ನು ಇಂದಿನ ರೂಪಕ್ಕೆ ತಂದವರು ಫ್ರೆಂಚ್ ನೌಕಾಪಡೆಯ ಅಧಿಕಾರಿ ಝಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲು ದುರ್ಲಭವಾಗಿ, ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಿತ್ತು. ಎಂಜಿನು ಬೇಡಿದಷ್ಟೇ ಅನಿಲವನ್ನು ಬಿಡುವ ಕವಾಟವೊಂದನ್ನು ಗಾನ್ಯಾನ್ ಮಾಡಿದ್ದನು. ಎಂಜಿನಿಗೆ ಆದದ್ದು ಮನುಷ್ಯನಿಗೆ ಏಕಾಗಬಾರದು? ಮೊದಲ ಉಪಕರಣವನ್ನು ಪ್ಯಾರಿಸಿನ ಬಳಿಯ ಮಾರ್ನ್ ನದಿಯಲ್ಲಿ ಪರೀಕ್ಷಿಸಿದಾಗ, ಕುಸ್ತೊ ಅಡ್ಡಲಾಗಿ ಮಲಗಿದ್ದರೆ ಸರಿಹೋಗುತ್ತಿತ್ತು. ನೆಟ್ಟಗೆ ನಿಂತರೆ ಗಾಳಿ ವ್ಯರ್ಥವಾಗಿ ಹರಿದುಹೋಗುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಕಾರಣವನ್ನು ಹುಡುಕಿದಾಗ, ಉಸಿರು ಹೊರಬೀಳುವ ಕಿಂಡಿಯು ಗಾಳಿ ಕೊಡುವ ಕವಾಟಕ್ಕಿಂತ ಸುಮಾರು 15 ಸೆಂಟಿಮೀಟರು ಮೇಲಕ್ಕಿದ್ದುದು ಕಂಡುಬಂತು. ಅಷ್ಟು ಎತ್ತರದ ನೀರಿನ ಒತ್ತಡವೇ ಇಷ್ಟೆಲ್ಲ ಉಪದ್ರವಕ್ಕೆ ಮೂಲ! ಎರಡನ್ನೂ ಅಕ್ಕಪಕ್ಕಕ್ಕೆ ತಂದಮೇಲೆ ದೋಷ ನೀಗಿತು. 1943ರ ಬೇಸಗೆಯಲ್ಲಿ ಕುಸ್ತೊ ಅದನ್ನು ಧರಿಸಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿದನು.

ಈ ಕವಾಟದ ರಚನೆ ತಿಳಿದರೆ ಮತ್ತೊಂದು ಭಯ, 'ಯಂತ್ರ ನಿಂತುಹೋದರೆ?' ಎಂಬುದು, ಬಹಳ ಮಟ್ಟಿಗೆ ಕಡಮೆಯಾಗುತ್ತದೆ. ಸಿಲಿಂಡರಿನಲ್ಲಿ ಗಾಳಿ ಸುಮಾರು 200 ವಾಯುಭಾರದ ಒತ್ತಡದಲ್ಲಿರುತ್ತದೆ. ಸಿಲಿಂಡರಿನ ತಲೆಗೆ ಜೋಡಿಸಿದ ಮೊದಲ ಕವಾಟವು ಅದನ್ನು ಸುತ್ತಣ ಒತ್ತಡಕ್ಕಿಂತ 9–10 ವಾಯುಭಾರದಷ್ಟು ಮಾತ್ರ ಹೆಚ್ಚಾಗಿರುವಂತೆ ಇಳಿಸುತ್ತದೆ. ಬಾಯಲ್ಲಿರುವ ಎರಡನೆಯ ಕವಾಟದಲ್ಲಿ ಒಂದು ರಬ್ಬರು ಪೊರೆಯಿದೆ. ಅದರ ಹೊರಮೈಗೆ ನೀರು, ಒಳಮೈಗೆ ಗಾಳಿ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಸಣ್ಣ ಸನ್ನೆಕೋಲನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಒಳಗಿನ ಒತ್ತಡ ನೀರಿನದಕ್ಕೆ ಸಮವಾದೊಡನೆ ಪೊರೆ ಹಿಂದಕ್ಕೆ ಸರಿದು ಗಾಳಿ ನಿಲ್ಲುತ್ತದೆ. ಈ ಕವಾಟ ಗಾಳಿಯ ಹರಿವಿನ ದಿಕ್ಕಿಗೇ ತೆರೆಯುವಂತೆ ರಚಿತವಾಗಿದೆ. ಆದಕಾರಣ ಅದು ಕೆಟ್ಟರೆ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಎಡೆಬಿಡದೆ ಸುರಿಯತೊಡಗುತ್ತದೆ. ಸುರಿಯುವ ಗಾಳಿಯನ್ನೇ ಉಸಿರಾಡುತ್ತ ಮೇಲೆ ಬರಬಹುದು. ಅದಲ್ಲದೆ ಪ್ರತಿಯೊಬ್ಬರ ಬಳಿಯೂ ಎರಡನೆಯ ಬಾಯಿಕವಾಟವೊಂದಿರುತ್ತದೆ. ಜೊತೆಗಾರನಿಗೆ ಬೇಕಾದರೆ ಕೊಡಲಿಕ್ಕೆ.

ಇಲ್ಲೊಂದು ಮಾತು. ಪತ್ರಿಕೆಗಳಲ್ಲಿ ಇದನ್ನು 'ಆಮ್ಲಜನಕದ ಸಿಲಿಂಡರು' ಎಂದು ಬರೆಯುವುದು ಬಳಕೆಯಾಗಿಬಿಟ್ಟಿದೆ. ಅದು ತಪ್ಪು. ಅದರಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ; ತೇವವನ್ನೂ ಧೂಳನ್ನೂ ತೆಗೆದು ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಉಸಿರಾಡುತ್ತ ಆರು ಮೀಟರಿಗಿಂತ ಕೆಳಗಿಳಿದರೆ ಅದು ನರಮಂಡಲಕ್ಕೆ ವಿಷವಾಗಿ ಸೆಳವನ್ನುಂಟುಮಾಡಬಹುದು. ಪ್ರಾಣವಾಯುವೂ ಒತ್ತಡ ಮೀರಿದಾಗ ಪ್ರಾಣಕ್ಕೆ ಎರವಾದೀತೆಂಬುದನ್ನು ಫ್ರಾನ್ಸಿನ ಪೌಲ್ ಬೇರ್ 1878ರಲ್ಲಿಯೇ ತೋರಿಸಿದ್ದನು.

ಹೀಗಿರಲು, ನಿಜವಾಗಿ ಅಂಜಬೇಕಾದದ್ದು ಯಾವುದಕ್ಕೆ? ಆಳಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಬಾಯ್ಲನ ನಿಯಮ ಬೇರೆ ಉತ್ತರವನ್ನು ಕೊಡುತ್ತದೆ. ಉಷ್ಣತೆ ಬದಲಾಗದಿದ್ದರೆ ಅನಿಲದ ಗಾತ್ರವು ಒತ್ತಡಕ್ಕೆ ವಿಲೋಮವಾಗಿರುತ್ತದೆ. 30 ಮೀಟರು ಆಳದಲ್ಲಿ ಒಟ್ಟು ಒತ್ತಡ 4 ವಾಯುಭಾರ, 20 ಮೀಟರಿನಲ್ಲಿ 3. ಈ ಹತ್ತು ಮೀಟರು ಮೇಲೆ ಬಂದಾಗ ಗಾಳಿ ಮೂರರಲ್ಲೊಂದು ಪಾಲು ಮಾತ್ರ ಹಿಗ್ಗುತ್ತದೆ. ಆದರೆ 10 ಮೀಟರಿನಿಂದ ನೀರಿನ ಮೇಲ್ಮೈಗೆ ಬರುವಾಗ ಒತ್ತಡ 2ರಿಂದ 1ಕ್ಕೆ ಇಳಿದು ಗಾಳಿ ಇಮ್ಮಡಿಯಾಗುತ್ತದೆ! ಅತಿ ಹೆಚ್ಚಿನ ಬದಲಾವಣೆ ಇರುವುದು ಬಿಸಿಲು ಬೀಳುವ, ಹೊಸಬರು ನೆಮ್ಮದಿಯಿಂದ ಓಡಾಡುವ ಮೇಲಣ ನೀರಿನಲ್ಲಿಯೇ.

ಇದರ ಪರಿಣಾಮವನ್ನು ನೋಡಿರಿ. 10 ಮೀಟರಿನಲ್ಲಿ ಸಿಲಿಂಡರಿನಿಂದ 5 ಲೀಟರು ಗಾಳಿಯನ್ನೆಳೆದುಕೊಂಡು, ಉಸಿರು ಬಿಗಿಹಿಡಿದು ಸರ್ರನೆ ಮೇಲಕ್ಕೆ ಬಂದವನ ಎದೆಯಲ್ಲಿ ಆ ಗಾಳಿ 10 ಲೀಟರಾಗಲು ಹವಣಿಸುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗಲಾರದು. ಅದರ ನವುರಾದ ಗೂಡುಗಳು ಹರಿದು, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ ಮಿದುಳಿಗೆ ಹೋಗಬಹುದು. ಒಂದು ಮೀಟರಿಗಿಂತ ತುಸು ಹೆಚ್ಚಿನ ಆಳದಿಂದ ಹೀಗೆ ಮೇಲೆ ಬಂದರೂ ಅಪಾಯ ತಪ್ಪಿದ್ದಲ್ಲ. ಕೆರೆಬಾವಿಗಳಲ್ಲಿ ಉಸಿರು ಕಟ್ಟಿ ಮುಳುಗುವವರಿಗೆ ಹೀಗಾಗದು. ಅವರು ಮೇಲಿನ ಗಾಳಿಯನ್ನು ಒಯ್ದು ಅದನ್ನೇ ಹಿಂದಕ್ಕೆ ತರುತ್ತಾರೆ. ಅಂತೆಯೇ ನುರಿತ ಈಜುಗಾರನಿಗೆ ಇಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ನೀರಿನೊಳಗೆ ಉಸಿರು ಕಟ್ಟುವುದು ಅವನಿಗೆ ರೂಢಿಯಾಗಿದೆ. ಸ್ಕೂಬಾದಲ್ಲಿ ಮೊದಲನೆಯ ನಿಯಮವೂ ಕೊನೆಯ ನಿಯಮವೂ ಒಂದೇ: ಉಸಿರನ್ನು ಎಂದಿಗೂ ಕಟ್ಟಬಾರದು.

ಇದು ಬರಿಯ ತರ್ಕವಲ್ಲ. 'ಡೈವರ್ಸ್ ಅಲರ್ಟ್ ನೆಟ್‌ವರ್ಕ್' ಎಂಬ ಸಂಸ್ಥೆಯವರು 947 ಸ್ಕೂಬಾ ಮರಣಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವರದಿಯನ್ನು ಇಲ್ಲಿ ನೆನೆಯಬಹುದು. ದುರಂತದ ಆರಂಭವನ್ನು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ನೂರಕ್ಕೆ 41ರಲ್ಲಿ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದದ್ದು ಮೊದಲ ಕಾರಣ. ನೂರಕ್ಕೆ 20ರಲ್ಲಿ ಎಲ್ಲಿಯೋ ಸಿಕ್ಕಿಕೊಂಡದ್ದು. ಉಪಕರಣದ ತೊಂದರೆ ನೂರಕ್ಕೆ 15 ಮಾತ್ರ. ಪ್ರಾಣಕ್ಕೆ ಕುತ್ತಾದ ಮುಂದಿನ ಹೆಜ್ಜೆಯಾದರೋ, ಅರ್ಧಕ್ಕೂ ಮಿಕ್ಕ ಪ್ರಕರಣಗಳಲ್ಲಿ, ಗಾಬರಿಯಿಂದ ಮೇಲಕ್ಕೆ ನುಗ್ಗಿದ್ದು. ಹೃದಯದ ತೊಂದರೆಯ ಪಾಲೂ ಸಣ್ಣದಲ್ಲ. ಜನರು ಮೊದಲು ಹೆಸರಿಸುವ ಶಾರ್ಕ್ ಮೀನು ಈ ಕಥೆಯಲ್ಲಿ ಮುಖ್ಯ ಪಾತ್ರವೇ ಅಲ್ಲ. ಜಗತ್ತಿನ ಎಲ್ಲ ಕಡಲುಗಳಲ್ಲಿ, ತಾವಾಗಿ ಮೇಲೆರಗಿದ ಶಾರ್ಕುಗಳಿಂದ ಸಾಯುವವರು ಸರಾಸರಿಯಲ್ಲಿ ವರ್ಷಕ್ಕೆ ಹತ್ತು ಮಂದಿಗಿಂತ ಕಡಮೆ. ನೀರಿನೊಳಗೆ ಕಾಣುವ ಮೀನಿನ ವಿಷಯದಲ್ಲಿ ಕಣ್ಣನ್ನು ಪೂರ್ತಿ ನಂಬಲೂ ಬಾರದು. ನೀರಿನ ವಕ್ರೀಭವನಾಂಕ 4/3 ಆದುದರಿಂದ, ಮುಖವಾಡದ ಗಾಜಿನ ಮೂಲಕ ನೋಡಿದಾಗ ನಾಲ್ಕು ಮೀಟರು ದೂರದ ಮೀನು ಮೂರೇ ಮೀಟರಿನಲ್ಲಿದ್ದಂತೆ, ಮೂರರಲ್ಲೊಂದು ಪಾಲು ದೊಡ್ಡದಾಗಿ ತೋರುತ್ತದೆ.

ಹಾಗಾದರೆ ಗಾಬರಿಯೇ ಶತ್ರು. ಗಾಬರಿಗೂ ಒಂದು ಲೆಕ್ಕವಿದೆ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡುವುದು ಒಳ್ಳೆಯದು. ನಾವು ಒಳಕ್ಕೆಳೆದ ಗಾಳಿಯಲ್ಲಿ ಸುಮಾರು 150 ಮಿಲಿಲೀಟರು ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ರಕ್ತವನ್ನು ಮುಟ್ಟದೆ ಹಿಂದಿರುಗುತ್ತದೆ. ಶಾಂತನಾದವನು ನಿಮಿಷಕ್ಕೆ 12 ಸಲ, ಸಲಕ್ಕೆ 500 ಮಿಲಿಲೀಟರಿನಂತೆ ಉಸಿರಾಡಿದರೆ, ಒಟ್ಟು 6 ಲೀಟರು. ಅದರಲ್ಲಿ ಉಪಯೋಗಕ್ಕೆ ಬರುವುದು 12 x 350, ಎಂದರೆ 4.2 ಲೀಟರು. ಹೆದರಿದವನು ನಿಮಿಷಕ್ಕೆ 24 ಸಲ, ಸಲಕ್ಕೆ 250 ಮಿಲಿಲೀಟರಿನಂತೆ ಏದಿದರೆ, ಒಟ್ಟು ಅದೇ 6 ಲೀಟರು. ಉಪಯೋಗಕ್ಕೆ ಬರುವುದು 24 x 100, ಎಂದರೆ 2.4 ಲೀಟರು ಮಾತ್ರ! ಗಾಳಿ ಎಳೆಯುತ್ತಲೇ ಇದ್ದಾನೆ, ಉಸಿರು ಸಾಲುತ್ತಿಲ್ಲ. ಬಾಯಿಕವಾಟವು ಈ ವ್ಯರ್ಥಭಾಗವನ್ನು ಇನ್ನಷ್ಟು ಹೆಚ್ಚಿಸುತ್ತದೆ. 10 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಇಮ್ಮಡಿಯಾಗಿರುವುದರಿಂದ ಅದನ್ನು ಬೇಗಬೇಗನೆ ಎಳೆದುಬಿಡುವ ಶ್ರಮವೂ ಹೆಚ್ಚು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. 'ಉಸಿರು ಬೇಕು' ಎಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಈ ಅನಿಲದ ಏರಿಕೆ ಎಂಬುದನ್ನು ಜೆ. ಎಸ್. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಅವರು 1905ರಲ್ಲಿ ತೋರಿಸಿಕೊಟ್ಟರು. ಹೀಗೆ ಭಯದಿಂದ ಏದುಸಿರು, ಏದುಸಿರಿನಿಂದ ಇಂಗಾಲದ ಡೈಆಕ್ಸೈಡ್, ಅದರಿಂದ ಮತ್ತಷ್ಟು ಭಯ. ಇದನ್ನು ಮುರಿಯಲು ಧೈರ್ಯದ ಮಾತು ಸಾಲದು. ನಿಂತಲ್ಲೇ ನಿಂತು, ಏನನ್ನಾದರೂ ಹಿಡಿದುಕೊಂಡು, ಉಸಿರನ್ನು ಪೂರ್ತಿಯಾಗಿ ಹೊರಕ್ಕೆ ಬಿಡಬೇಕು. ಒಳಕ್ಕೆಳೆಯುವುದಲ್ಲ, ಹೊರಕ್ಕೆ ಬಿಡುವುದು. ಆಮೇಲೆ ಬರುವ ಉಸಿರು ತಾನಾಗಿಯೇ ಆಳವಾಗಿರುತ್ತದೆ.

ಸಿಲಿಂಡರು ಎಷ್ಟು ಹೊತ್ತು ಬರುವುದೆಂಬುದೂ ಇದರ ಮೇಲೆ ನಿಂತಿದೆ. 11 ಲೀಟರಿನ ಸಿಲಿಂಡರಿನಲ್ಲಿ 200 ವಾಯುಭಾರದಲ್ಲಿ ಸುಮಾರು 2,200 ಲೀಟರು ಗಾಳಿ ಹಿಡಿಯುತ್ತದೆ. ಅದರ ತೂಕವೇ ಎರಡೂವರೆ ಕಿಲೋಗ್ರಾಮಿಗೆ ಮಿಕ್ಕಿದ್ದು. ಮೇಲೆ ನಿಮಿಷಕ್ಕೆ 20 ಲೀಟರು ಬಳಸುವವನಿಗೆ 10 ಮೀಟರಿನಲ್ಲಿ 40 ಲೀಟರು ಬೇಕು. ಸಿಲಿಂಡರು 55 ನಿಮಿಷಕ್ಕೆ ಬರಿದಾಗುತ್ತದೆ. ಏದುವವನು ಇದರ ಎರಡರಷ್ಟು ಬಳಸಿದರೆ ಅರ್ಧ ಗಂಟೆಗೂ ಬಾರದು. ಒತ್ತಡವನ್ನು ತೋರಿಸುವ ಮಾಪಕ ಕೈಯಳತೆಯಲ್ಲೇ ಇರುತ್ತದೆ. ಅದನ್ನು ಆಗಾಗ ನೋಡುವವನು ಮೇಲೆ ಹೇಳಿದ ನೂರಕ್ಕೆ 41ರ ಗುಂಪಿಗೆ ಸೇರುವ ಸಂಭವ ಬಹಳ ಕಡಮೆ.

ಹಾಲ್ಡೇನನ ಹೆಸರು ಬಂದುದರಿಂದ ಸಾರಜನಕದ ಮಾತನ್ನೂ ಮುಗಿಸಿಬಿಡೋಣ. ಹೆಚ್ಚಿನ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತಮಾಂಸಗಳಲ್ಲಿ ಕರಗುತ್ತದೆ. ಥಟ್ಟನೆ ಮೇಲೆ ಬಂದರೆ ಸೋಡಾ ಶೀಸೆಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯದಲ್ಲಿ, ಒತ್ತಿದ ಗಾಳಿಯ ಪೆಟ್ಟಿಗೆಗಳೊಳಗೆ ದುಡಿದವರನ್ನು ಕಾಡಿದ್ದು ಇದೇ ರೋಗ. ಮುಖ್ಯ ಎಂಜಿನಿಯರ್ ವಾಷಿಂಗ್‌ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದದ್ದೂ ಇದರಿಂದಲೇ. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಬರಬೇಕೆಂಬ ಕೋಷ್ಟಕವನ್ನು ಸಂಗಡಿಗರೊಡನೆ 1908ರಲ್ಲಿ ಪ್ರಕಟಿಸಿದನು. ಹೊಸಬರ ಪರಿಚಯದ ಮುಳುಗಾಟದಲ್ಲಿ 12 ಮೀಟರಿಗಿಂತ ಕೆಳಕ್ಕೆ ಇಳಿಸುವುದಿಲ್ಲ; ಅಲ್ಲಿ ಅರ್ಧ ಗಂಟೆ ಇದ್ದು, ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚಿಲ್ಲದ ವೇಗದಿಂದ ಬರುವವರಿಗೆ ಈ ಭಯ ಸಣ್ಣದು. ಇದೇ ಹಾಲ್ಡೇನ್ 1906ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ತನ್ನ ಹದಿಮೂರು ವರ್ಷದ ಮಗನನ್ನು ಮುಳುಗುವ ಉಡುಪು ತೊಡಿಸಿ ಇಳಿಸಿದ್ದನು. ದೊಡ್ಡವರಿಗೆಂದು ಹೊಲಿದ ಉಡುಪು ಸಡಿಲವಾಗಿ ನೀರು ಒಳಗೆ ಸೋರಿದರೂ ಹುಡುಗ ಕ್ಷೇಮವಾಗಿ ಮೇಲೆ ಬಂದನು. ಆ ಹುಡುಗನೇ ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್. (ತಂದೆಯ ಈ ಕ್ರಮವನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ.)

ಇನ್ನು, ಕೇಳಬೇಕಾದ ಭಯಗಳು. ಮೊದಲನೆಯದು ಕಿವಿಯದು. ಒಂದು ಮೀಟರು ಇಳಿದೊಡನೆಯೇ ಕಿವಿತಮಟೆ ಒಳಕ್ಕೆ ಒತ್ತಲ್ಪಡುತ್ತದೆ. ಮೂಗನ್ನು ಹಿಡಿದು ಮೆಲ್ಲಗೆ ಊದಿದರೆ, ಗಂಟಲಿನಿಂದ ನಡುಗಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ. ನೋವು ಬರುವ ಮೊದಲೇ, ಅರ್ಧರ್ಧ ಮೀಟರಿಗೆ ಒಮ್ಮೆ ಇದನ್ನು ಮಾಡಬೇಕು. ನೋವಾದರೆ ತುಸು ಮೇಲಕ್ಕೆ ಬಂದು ಮತ್ತೆ ಯತ್ನಿಸಬೇಕೇ ಹೊರತು ಹಲ್ಲು ಕಚ್ಚಿ ಇಳಿಯತಕ್ಕದ್ದಲ್ಲ. ನೆಗಡಿಯಾಗಿದ್ದರೆ ನಾಳ ಊದಿಕೊಂಡು ತೆರೆಯುವುದಿಲ್ಲ; ಹಣ ಕಟ್ಟಿದ್ದರೂ ದೋಣಿಯಲ್ಲೇ ಇರುವುದು ವಿವೇಕ. ಉಬ್ಬಸ, ಮೂರ್ಛೆರೋಗ, ಹೃದ್ರೋಗ ಇರುವವರು, ಒಮ್ಮೆ ಶ್ವಾಸಕೋಶ ಕುಸಿದಿದ್ದವರು, ಕಿವಿಯ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ವೈದ್ಯರ ಮಾತಿಲ್ಲದೆ ಹೆಜ್ಜೆಯಿಡಬಾರದು. ಮುಳುಗಿಸುವವರು ಕೊಡುವ ಪ್ರಶ್ನಪತ್ರಿಕೆಯಲ್ಲಿ, ಎಲ್ಲಿ ಬೇಡವೆಂದುಬಿಡುತ್ತಾರೋ ಎಂದು ಎಲ್ಲದಕ್ಕೂ 'ಇಲ್ಲ' ಎಂದು ಬರೆಯುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ.

ಈಜು ಬಾರದವರನ್ನೂ ಪರಿಚಯದ ಮುಳುಗಾಟಕ್ಕೆ ಇಳಿಸುವುದುಂಟು. ಶಿಕ್ಷಕನು ಕೈಬಿಡದೆ ಹಿಡಿದಿರುತ್ತಾನೆ. ಆದರೂ ಈಜು ಕಲಿತು ಹೋಗುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಪೂರ್ಣ ಶಿಕ್ಷಣಕ್ರಮದಲ್ಲಿಯಾದರೋ 200 ಮೀಟರು ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ಮುಖಕ್ಕೆ ನೀರು ತಗುಲಿದರೇ ಬೆದರುವವರು ಬಹಳ ಮಂದಿ. ಅವರ ಭಯ ಕಡಲಿನದಲ್ಲ, ಮೂಗಿನದು. ಎದೆಮಟ್ಟದ ಈಜುಕೊಳದಲ್ಲಿ, ಶಿಕ್ಷಕರ ಎದುರಿನಲ್ಲಿ, ಮುಖವಾಡಕ್ಕೆ ಬೇಕೆಂದೇ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವುದನ್ನು ಹತ್ತಾರು ಸಲ ಮಾಡಿದರೆ ಈ ಅಂಜಿಕೆ ಹೋಗುತ್ತದೆ. ದೋಣಿಯ ಅಂಚಿನಲ್ಲಿ ಕೂರಿಸಿಕೊಂಡು ಕಾಲು ಗಂಟೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸುವವರಿಗಿಂತ, ಕೊಳದಲ್ಲೊಂದು ದಿನ ಕಳೆಯಿಸುವವರನ್ನು ಹುಡುಕಿಕೊಳ್ಳುವುದು ಮೇಲು, ಖರ್ಚು ಹೆಚ್ಚಾದರೂ ಸರಿ.

ನೀರಿನೊಳಗೆ ಮಾತಿಲ್ಲ, ಸನ್ನೆಗಳೇ ಎಲ್ಲ. ಹೆಬ್ಬೆರಳು ತೋರುಬೆರಳುಗಳನ್ನು ಸೇರಿಸಿ ಉಂಗುರ ಮಾಡಿದರೆ 'ಕ್ಷೇಮ'. ಅಂಗೈಯನ್ನು ಅತ್ತಿತ್ತ ತೂಗಾಡಿಸಿ ಕಿವಿಯನ್ನು ತೋರಿಸಿದರೆ 'ಇಲ್ಲಿ ಸರಿಯಿಲ್ಲ'. ನೆಲದ ಮೇಲೆ 'ಭೇಷ್' ಎನ್ನಲು ನಾವು ಎತ್ತುವ ಹೆಬ್ಬೆರಳಿಗೆ ಅಲ್ಲಿ 'ಮೇಲೆ ಹೋಗೋಣ' ಎಂಬರ್ಥ. ಆ ಹೆಬ್ಬೆರಳನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಎತ್ತಬಹುದು. ಇಳಿದು ಎರಡೇ ನಿಮಿಷವಾಗಿದ್ದರೂ ಜೊತೆಗಾರರು ಕಾರಣ ಕೇಳದೆ ಮೇಲಕ್ಕೆ ಬರಬೇಕೆಂಬುದು ಮುಳುಗುಗಾರರಲ್ಲಿ ನಡೆದುಬಂದ ಕಟ್ಟಳೆ. ಇದನ್ನು ಮೊದಲೇ ತಿಳಿದವನಿಗೆ ಇಳಿಯುವ ನಿರ್ಧಾರ ಅಷ್ಟು ಭಾರವಾಗಿ ತೋರದು.

ಹಿಂದಿರುಗುವ ದಾರಿಯ ವಿಷಯವಾಗಿ ಒಂದು ಸೂಚನೆ. ಮುಳುಗಿದ ಮೇಲೆ ವಿಮಾನವೇರಲು, ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ತಡೆಯಬೇಕೆಂದು ವಿಧಿಸುತ್ತಾರೆ; ಈ ವಿಧಿ ಅನ್ವಯಿಸುವುದು 600ರಿಂದ 2,400 ಮೀಟರು ಎತ್ತರದ ಒತ್ತಡಕ್ಕೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ, ಸಂಜೆಯ ಬಸ್ಸಿನಲ್ಲಿ ಘಟ್ಟ ಹತ್ತುವ ಏರ್ಪಾಟನ್ನು ಮಾಡಿಕೊಂಡಿರುವವರು ಆ ರಾತ್ರಿ ಮುರುಡೇಶ್ವರದಲ್ಲಿಯೇ ತಂಗಿ ಮರುದಿನ ಹೊರಡುವುದು ಒಳ್ಳೆಯದು.